ನಶ್ಯದ ಡಬ್ಬಿಯಲ್ಲಿ ಮರಳು

ಗೋಣಿಚೀಲದಲ್ಲಿ ಬೇರು ಬಂದಿದೆ.
ಯಾವುದೋ ಸಮುದ್ರದಾಚೆಯ ಗುಡ್ಡದ್ದು, ಬ್ರಯರ್ ಅಂತಾರೆ.
ಗಿಡ ನಾವು ಕಂಡಿಲ್ಲ. ಹೂ ಯಾವ ಬಣ್ಣ ಅಂದರೆ
'ಬೇರನ್ನೇ ಕೇಳು' ಅಂತಾನೆ ಅಪ್ಪ,
ಒಂದೊಂದು ತುಂಡನ್ನೂ ಕಿವಿಗೆ ಹಿಡಿದು
ಬೆರಳಗಂಟಿನಿಂದ ತಟ್ಟುತ್ತ,
ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸಿನ ಹಾಗೆ.
ಟಣ್ ಅಂದದ್ದು ಬಲಕ್ಕೆ,
ಧಡ್ ಅಂದದ್ದು ಒಲೆಗೆ.

ಇಪ್ಪತ್ತೆರಡು ವರ್ಷ ಬಾಬಿನ್ ಕಡೆದ ಕೈ ಅದು.
ಮಿಲ್ಲು ಮುಚ್ಚಿದಾಗ ಬಾಕಿ ಸಂಬಳಕ್ಕೆ ಲೇತು ಕೊಟ್ಟರು.
ಎತ್ತಿನ ಗಾಡಿಯಲ್ಲಿ ಅದು ಮಂಡಕ್ಕಿ ಭಟ್ಟಿ ಓಣಿಗೆ ಬಂತು,
ಹಿಂದೆ ಅಪ್ಪ, ದಿಬ್ಬಣದ ಹಿಂದೆ ನಡೆದಂತೆ.
ಅಜ್ಜ ಬಿಲ್ಲಿನ ನರ ಮಿಡಿದು ಹತ್ತಿ ಹಿಂಜಿದ.
ಅಪ್ಪ ಆ ಹತ್ತಿಯ ನೂಲಿಗೆ ಮರ ಕಡೆದ.
ನಾನು ಹೊಗೆಗೆ ದಾರಿ ಕೊರೆಯುತ್ತೇನೆ.
ತಲೆಮಾರಿಗಿಷ್ಟು ಹಗುರಾಗುತ್ತ ಬಂತು
ಪಿಂಜಾರರ ಮನೆಯ ಸರಕು.

ಹೊಗೆಗೇನು ಬರವೇ ಈ ಓಣಿಯಲ್ಲಿ.
ಭಟ್ಟಿಗೆ ಹೊಟ್ಟು ಬಿದ್ದರೆ
ಹಗ್ಗದ ಮೇಲಿನ ಬಟ್ಟೆಯೂ ಕೆಮ್ಮುತ್ತದೆ.
ಕಾದ ಮರಳಲ್ಲಿ ಅಕ್ಕಿ ಹುರಿದು ಹುರಿದು
ಅಮ್ಮ ಒಂದು ಯುಗಾದಿಯ ಮುಂಚೆ ಕೆಮ್ಮು ನಿಲ್ಲಿಸಿದಳು.
ಅದಕ್ಕೋ ಏನೋ, ಅಪ್ಪ ಒಂದು ಪೈಪನ್ನೂ ಸೇದಿಲ್ಲ.
ಖಾಲಿಯದನ್ನು ತುಟಿಗಿಟ್ಟು ಗಾಳಿ ಎಳೆಯುತ್ತಾನೆ, ಕಣ್ಣು ಮುಚ್ಚಿ.
ಸಿಳ್ಳೆ ಬಂದರೆ ದಾರಿ ಇಕ್ಕಟ್ಟು.
'ಮಲಗಿದ ಕೂಸಿನ ಉಸಿರು ಇರಬೇಕು, ಮಾಬೂ,
ಐತೋ ಇಲ್ಲೋ ಅಂತ ಬಗ್ಗಿ ನೋಡಬೇಕು, ಹಂಗೆ.'

ಎರಡು ತೂತು:
ಮೇಲಿಂದ ಹೆಬ್ಬೆರಳಗಲ, ಪಕ್ಕದಿಂದ ಹೆಣಿಗೆಕಡ್ಡಿಯಷ್ಟು.
ಮರದೊಳಗೆ, ಕತ್ತಲಲ್ಲಿ, ತಳದ ನಟ್ಟನಡುವೆ ಎರಡೂ ಕೂಡಬೇಕು.
ಎಳೆಯಷ್ಟು ಮೇಲಾದರೆ ಅಡಿಯ ತಂಬಾಕು ಹಸಿಯಾಗೇ ಉಳಿಯುತ್ತದೆ.
ಅಪ್ಪನ ಕಣ್ಣಿಗೆ ಪೊರೆ; ಕೊರೆಯುವುದು ಈಗ ನಾನು.
ಅವನು ಲೇತಿನ ಮೈಮೇಲೆ ಅಂಗೈ ಇಟ್ಟು ಕೂರುತ್ತಾನೆ.
'ನಿಲ್ಸು.'
ನಿಲ್ಲಿಸುತ್ತೇನೆ. ಸರಿಯಾಗಿರುತ್ತದೆ.
ಒಮ್ಮೊಮ್ಮೆ ಇರುವುದಿಲ್ಲ. ಹೇಳುವುದಿಲ್ಲ.

ವೀವಿಂಗ್ ಮಾಸ್ಟರ್ ರಾಣೋಜಿರಾಯರು ಹೇಳಿಕಳಿಸಿದ್ದರು,
ಒಂದು ಪೈಪು ಬೇಕು, ಕಲೆ ಇರಕೂಡದು.
ಸೀಳಿದ ಬಾಬಿನ್ನಿಗೆ ಹಿಂದೊಮ್ಮೆ
ಅಪ್ಪನ ಅರ್ಧ ದಿನದ ಕೂಲಿ ಹಿಡಿದವರು.
ಹನ್ನೊಂದು ದಿನ ತೀಡಿದೆ. ಎಳೆಗಳೆಲ್ಲ ನೆಟ್ಟಗೆ ಎದ್ದು
ಗಾಳಿಯಿಲ್ಲದ ರಾತ್ರಿಯ ದೀಪದಂತೆ ನಿಂತವು.
ಕಡೆಯ ಉಜ್ಜಿಗೆ, ಕೆನ್ನೆಯ ಮೇಲೆ, ತೆರೆಯಿತು
ಎಳ್ಳಿನಷ್ಟು ತೂತು.
ಒಳಗೆ ಮರಳು.

ಮೇಣಕ್ಕೆ ಮರದ ಪುಡಿ ಕಲೆಸಿ ತುಂಬಿದೆ. ಬಣ್ಣ ಹೊಡೆದೆ.
ನನಗೇ ಕಾಣಲಿಲ್ಲ ಎಲ್ಲಿತ್ತೆಂದು.
ಅಪ್ಪ ಕೈಗೆತ್ತಿಕೊಂಡ. ಹೆಬ್ಬೆರಳು ಒಂದು ಸುತ್ತು ಹೋಗಿ, ಹಿಂದೆ ಬಂದು, ನಿಂತಿತು.
ಬೈಯಲಿಲ್ಲ. ಸೂಜಿ ಕೇಳಿದ.
ಮೇಣ ಕಿತ್ತ, ಅದರ ಹಿಂದೆಯೇ ಮರಳಿನ ಕಾಳು,
ಬೇರು ಎಳೆಯದಿದ್ದಾಗ ನುಂಗಿ
ಹೊರಗೆ ಬಿಡದೆ ಇಟ್ಟುಕೊಂಡದ್ದು.
ಅಮ್ಮನ ನಶ್ಯದ ಡಬ್ಬಿಗೆ ಹಾಕಿದ.
ಹದಿನಾರು ವರ್ಷದ್ದೆಲ್ಲ ಅದರಲ್ಲಿದೆ,
ಈಗ ಒಂದು ಚಮಚ ತುಂಬೀತು
ಆ ಕಾಣದ ಗುಡ್ಡ.

ರಾಯರು ಆಟೋದಲ್ಲಿ ಬಂದರು.
ಡಾಕ್ಟರು ಸೇದಬೇಡಿ ಅಂದಿದ್ದಾರಂತೆ, ಸುಮ್ಮನೆ ಕಚ್ಚಿಕೊಳ್ಳಲಿಕ್ಕೆ.
ಕನ್ನಡಕ ಏರಿಸಿ, ಉಗುರು ತೂರಿಸಿ ನೋಡಿದರು ಆ ತೂತಿಗೆ.
'ಇದಕ್ಕೆಷ್ಟು ಹಿಡೀಲಿ, ಖಾಸಿಂ?'
'ಅರ್ಧ ದಿನ.'
ಇಬ್ಬರೂ ನಗಲಿಲ್ಲ. ಚಾ ಕುಡಿದರು.

ಆಟೋ ತಿರುಗಿದ ಮೇಲೆ ನೋಟು ಎಣಿಸಿದೆ, ಚಿಲ್ಲರೆ ಎಣಿಸಿದೆ.
ನಾಲ್ಕು ರೂಪಾಯಿ ಕಮ್ಮಿ.
ಮಿಲ್ಲಿನ ಕಾಲದ ಲೆಕ್ಕ, ಸರಿಯಾಗಿ.
ಹೇಳಿದೆ.
ಭಟ್ಟಿಗಳು ಆರುವವರೆಗೂ ಕತ್ತಲಲ್ಲಿ ನಗುತ್ತಿದ್ದ ಅಪ್ಪ,
ನಡುನಡುವೆ ಡಬ್ಬಿ ಕಿವಿಗೆ ಹಿಡಿದು ಅಲ್ಲಾಡಿಸುತ್ತ.
ಟಣ್ ಅಂದವು ಇನ್ನೂ ಹದಿನೆಂಟು ಇವೆ.